14 ಅಂದರೆ ಎಷ್ಟು?

ಈ ಕಡೆ ತಲೆ ಹಾಕದೆ ಎಷ್ಟು ತಿಂಗಳಾಯ್ತೋ, ಲೆಕ್ಕ ಇಟ್ಟಿಲ್ಲ. ಇವತ್ತೂ ಬರೆಯುತ್ತಿರಲಿಲ್ಲ. ಮೊನ್ನೆ ಒಬ್ಬ ಹಳೆಯ ಬ್ಲಾಗಿಗ ಗೆಳೆಯ ಫೋನ್ ಮಾಡಿದ್ದ. ಅದೂ ಇದೂ ಮಾತಾಡುತ್ತಾ "ನಲವತ್ತೈದಾಯ್ತಲ್ಲ, ಕಣ್ಣು ಚೆಕ್ ಮಾಡಿಸಿಕೊಂಡು ಬಂದೆ ಮಾರಾಯಾ. ಪ್ರೆಶರ್ 14. ಪೂರಾ ನಾರ್ಮಲ್" ಅಂದ. ಇವನು 2009ರಲ್ಲಿ ಲೇಸಿಕ್ ಮಾಡಿಸಿಕೊಂಡು ಸೋಡಾಗ್ಲಾಸಿಗೆ ವಿದಾಯ ಹೇಳಿದವನು. ಆ ಖುಷಿಗೆ ಒಂದು ಪೋಸ್ಟನ್ನೇ ಹಾಕಿದ್ದ, ನಾವೆಲ್ಲ ಹೋಗಿ ಕಮೆಂಟು ಕುಟ್ಟಿ ಬಂದಿದ್ದೆವು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

14 ಅಂತ ಕೇಳಿದ ಕೂಡಲೇ ನನಗೆ ಹೊಟ್ಟೆಯೊಳಗೆ ಒಂಥರಾ ಆಯಿತು. ಯಾಕೆಂದರೆ ನಮ್ಮಪ್ಪನ ಕಣ್ಣಿನ ಪ್ರೆಶರ್ ಕೂಡ ಆರು ವರ್ಷ 14 ಇತ್ತು. ಒಂದು ವರ್ಷ 15. ಪೂರಾ ನಾರ್ಮಲ್ಲೇ.

ಅಪ್ಪನದು ಸಾಗರದ ಹತ್ತಿರದ ಹಳ್ಳಿ, ಅಡಿಕೆ ತೋಟ. ನಮ್ಮದು ಹಳೇ ಕಾಲದ ಮನೆ, ಬಾಗಿಲುಗಳೆಲ್ಲ ಗಿಡ್ಡ. ಹುಟ್ಟಿದಾಗಿನಿಂದ ತಲೆ ಬಗ್ಗಿಸಿ ದಾಟಿದ ಬಾಗಿಲುಗಳು ಅವು. ಕಣ್ಣು ಮುಚ್ಚಿಕೊಂಡೂ ಅಪ್ಪ ಬಗ್ಗುತ್ತಿದ್ದರು. 2020ರ ಹೊತ್ತಿಗೆ ದಾರಂದಕ್ಕೆ ಹಣೆ ತಾಗಿಸಿಕೊಳ್ಳುವುದು ಶುರುವಾಯಿತು. ಹೊಸ ಜಾಗಗಳಲ್ಲಂತೂ ಹೇಳುವುದೇ ಬೇಡ. ಒಮ್ಮೆ ಕೊನೆಕೊಯ್ಲಿನ ಹೊತ್ತಲ್ಲಿ ಮೇಲಿಂದ ಬಂದ ಅಡಿಕೆ ಕೊನೆ ಕಾಣದೆ ಭುಜಕ್ಕೆ ಬಡಿಸಿಕೊಂಡರು. ಅಮ್ಮ ಬೈದಿದ್ದಕ್ಕೆ ಅವರ ಉತ್ತರ ಸಿದ್ಧ ಇತ್ತು: "ಎಂತೂ ಆಯ್ದಿಲ್ಲೆ, ವಯಸ್ಸಾತು ಅಷ್ಟೇಯ." ಪ್ರತಿ ವರ್ಷ ಪೇಟೆಗೆ ಹೋಗಿ ಕಣ್ಣು ತೋರಿಸುತ್ತಿದ್ದರಲ್ಲ, ಅಲ್ಲಿ ಎಲ್ಲ ಸರಿ ಇದೆ ಅಂದಿದ್ದರಲ್ಲ! ಫುಸ್ ಅಂತ ಕಣ್ಣಿಗೆ ಗಾಳಿ ಊದುವ ಮಷೀನಿನ ಮುಂದೆ ಕೂರಿಸುತ್ತಿದ್ದರು, ಚೀಟಿಯಲ್ಲಿ 14 ಅಂತ ಬರೆಯುತ್ತಿದ್ದರು, ಕನ್ನಡಕದ ನಂಬರು ಕಾಲು ಪಾಯಿಂಟ್ ಹೆಚ್ಚು ಕಮ್ಮಿ ಮಾಡಿ ಕಳಿಸುತ್ತಿದ್ದರು. ಆ ಚೀಟಿಗಳನ್ನೆಲ್ಲ ಅಪ್ಪ ಸೊಸೈಟಿಯ ಪಾಸ್‌ಬುಕ್ಕಿನ ಜೊತೆ ಜೋಪಾನವಾಗಿ ಇಟ್ಟಿದ್ದಾರೆ. ಈಗಲೂ ಇವೆ.

2021ರಲ್ಲಿ ಬೆಂಗಳೂರಿಗೆ ಬಂದಾಗ ಪೊರೆ ಬಂದಿರಬಹುದು ಅಂತ ನಾನೇ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರಮ್ಮ ಕಣ್ಣಿಗೆ ಡ್ರಾಪ್ಸ್ ಹಾಕಿಸಿ, ಪಾಪೆ ದೊಡ್ಡದಾದ ಮೇಲೆ ಲೆನ್ಸ್ ಹಿಡಿದು ಒಳಗಿನ ನರ ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಇನ್ನೊಂದು ಕಣ್ಣು. ಆಮೇಲೆ ಮತ್ತೆ ಮೊದಲನೆಯದು. ಅಷ್ಟು ಹೊತ್ತಿಗೆ ನನಗೆ ಇದು ಪೊರೆಯ ವಿಷಯ ಅಲ್ಲ ಅಂತ ಗೊತ್ತಾಗಿತ್ತು.

ಮತ್ತೊಂದು ದಿನ ಕರೆಸಿ ಫೀಲ್ಡ್ ಟೆಸ್ಟ್ ಮಾಡಿಸಿದರು. ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಬಟನ್ ಒತ್ತಬೇಕು. ಜೀವಮಾನದಲ್ಲಿ ವೀಡಿಯೋ ಗೇಮ್ ಆಡದ ಅಪ್ಪ ಬಹಳ ಶ್ರದ್ಧೆಯಿಂದ ಆಡಿ ಬಂದರು. ಪ್ರಿಂಟ್ ತೆಗೆದಾಗ ಎಡಗಣ್ಣಿನ ಮೇಲರ್ಧ ಪೂರ್ತಿ ಕಪ್ಪು. ಬಲಗಣ್ಣಿನಲ್ಲೂ ಮೇಲೆ ಒಂದು ಕಮಾನು ಕಪ್ಪಾಗಿತ್ತು. ದಾರಂದ, ಅಡಿಕೆ ಕೊನೆ, ಎಲ್ಲ ಇದ್ದದ್ದು ಅಲ್ಲೇ.

ಗ್ಲಾಕೋಮಾ. ಅದೂ ಸಾಕಷ್ಟು ಮುಂದುವರಿದದ್ದು. ಸತ್ತ ನರ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು ಅಷ್ಟೇ.

ನಾನು ಜಗಳಕ್ಕೆ ನಿಂತವನ ಹಾಗೆ ಕೇಳಿದೆ, "ಮೇಡಂ, ಪ್ರೆಶರ್ ಪ್ರತಿ ವರ್ಷ 14 ಇತ್ತಲ್ಲ?" ಅವರು ಹೊಸ ಚೀಟಿ ನನ್ನ ಕಡೆ ತಿರುಗಿಸಿದರು. ಅವರ ಮಷೀನಿನಲ್ಲಿ ಬಲಕ್ಕೆ 16, ಎಡಕ್ಕೆ 17. ಅದರ ಕೆಳಗೆ ಇನ್ನೆರಡು ಸಂಖ್ಯೆ: 478, 471. "ಇದು ಕಾರ್ನಿಯಾದ ದಪ್ಪ, ಮೈಕ್ರಾನ್ ಲೆಕ್ಕದಲ್ಲಿ. ನಿಮ್ಮ ತಂದೆಯವರದು ತುಂಬಾ ತೆಳು. ಮಷೀನು ತೋರಿಸೋದಕ್ಕಿಂತ ಒಳಗಿನ ಪ್ರೆಶರ್ ಜಾಸ್ತಿ ಇರಬಹುದು. ಎಷ್ಟು ಜಾಸ್ತಿ ಅಂತ ಮಾತ್ರ ಕೇಳಬೇಡಿ" ಅಂದರು.

ಕೇಳಬೇಡಿ ಅಂದದ್ದನ್ನೇ ನಾಲ್ಕೈದು ವರ್ಷದಿಂದ ಕೇಳಿಕೊಂಡು, ಓದಿಕೊಂಡು ಕೂತಿದ್ದೇನೆ. ನಾನು ಡಾಕ್ಟರಲ್ಲ, ಕಂಪ್ಯೂಟರ್ ಕುಟ್ಟುವವನು. ಆದರೂ ಇದರ ಬಗ್ಗೆ ಒಂದು ಅಭಿಪ್ರಾಯ ಗಟ್ಟಿಯಾಗಿ ಕೂತುಬಿಟ್ಟಿದೆ. ಕಾರ್ನಿಯಾದ ದಪ್ಪ ಪಕ್ಕದಲ್ಲಿ ಬರೆಯದೆ ಕಣ್ಣಿನ ಪ್ರೆಶರ್ ಅನ್ನು ಚೀಟಿಯಲ್ಲಿ ಬರೆಯಲೇಬಾರದು. ಬರೆದರೂ ಅದರ ಮುಂದೆ 'ನಾರ್ಮಲ್' ಅನ್ನುವ ಮಾತನ್ನಂತೂ ಸೇರಿಸಲೇಬಾರದು.

ಯಾಕೆ ಅಂತ ಹೇಳುವ ಮೊದಲು ಪ್ರೆಶರ್ ಅಳೆಯುವುದು ಹೇಗೆ ಅಂತ ಸ್ವಲ್ಪ ಹೇಳಬೇಕು. ಕಣ್ಣಿನೊಳಗೆ ಸೂಜಿ ಹಾಕಿ ನೇರವಾಗಿ ಅಳೆಯುವುದು ಮಾಮೂಲಿ ತಪಾಸಣೆಯಲ್ಲಿ ಸಾಧ್ಯವಿಲ್ಲ. ಹೊರಗಿನಿಂದ ಒತ್ತಿ ಅಂದಾಜು ಮಾಡಬೇಕು. ಸೈಕಲ್ ಶಾಪಿನವನು ಹೆಬ್ಬೆರಳಲ್ಲಿ ಟೈರು ಅದುಮಿ "ಗಾಳಿ ಸಾಕು" ಅನ್ನುತ್ತಾನಲ್ಲ, ಹಾಗೆ. ಹಿಂದಿನ ಕಾಲದ ವೈದ್ಯರು ರೆಪ್ಪೆಯ ಮೇಲಿಂದ ಬೆರಳಲ್ಲೇ ಅದುಮಿ ನೋಡುತ್ತಿದ್ದರು. ಈಗ ಜಗತ್ತಿನಾದ್ಯಂತ ಮಾನದಂಡ ಅನ್ನಿಸಿಕೊಂಡಿರುವ ಉಪಕರಣವನ್ನು ಸ್ವಿಟ್ಜರ್‌ಲ್ಯಾಂಡಿನ ಬರ್ನ್ ನಗರದ ಹಾನ್ಸ್ ಗೋಲ್ಡ್‌ಮನ್ ಎಂಬ ಡಾಕ್ಟರು 1950ರ ದಶಕದಲ್ಲಿ ರೂಪಿಸಿದರು. ಕಣ್ಣಿಗೆ ಮರಗಟ್ಟುವ ಡ್ರಾಪ್ಸ್ ಮತ್ತು ಹಳದಿ ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ ಒಂದು ಪುಟ್ಟ ಗಾಜಿನ ತುದಿಯನ್ನು ಕಾರ್ನಿಯಾಕ್ಕೆ ತಾಗಿಸುತ್ತಾರೆ. ಡಾಕ್ಟರಿಗೆ ಎರಡು ಹಸಿರು ಅರ್ಧವೃತ್ತಗಳು ಕಾಣುತ್ತವೆ. ಅವುಗಳ ಒಳಅಂಚು ಒಂದಕ್ಕೊಂದು ಕೂಡುವವರೆಗೆ ತಿರುಪು ತಿರುಗಿಸಿ ಒತ್ತಬೇಕು. ಆಗ ಕಾರ್ನಿಯಾದಲ್ಲಿ 3.06 ಮಿಲಿಮೀಟರ್ ಅಗಲದ ಒಂದು ವೃತ್ತ ಚಪ್ಪಟೆಯಾಗಿರುತ್ತದೆ. ಅಷ್ಟು ಮಾಡಲು ಎಷ್ಟು ಒತ್ತಬೇಕಾಯಿತೋ ಅದೇ ಪ್ರೆಶರ್ ಲೆಕ್ಕ.

ಈ 3.06 ಎಲ್ಲಿಂದ ಬಂತು ಅನ್ನುವುದು ನನಗೆ ಬಹಳ ಇಷ್ಟವಾದ ಭಾಗ. ಕಾರ್ನಿಯಾಕ್ಕೆ ತನ್ನದೇ ಒಂದು ಬಿಗಿ ಇದೆ, ಒತ್ತಿದರೆ ತಿರುಗಿ ತಳ್ಳುತ್ತದೆ. ಇನ್ನೊಂದು ಕಡೆ ಕಣ್ಣೀರಿನ ತೆಳುಪದರ ಆ ಗಾಜಿನ ತುದಿಯನ್ನು ಒಳಕ್ಕೆ ಎಳೆಯುತ್ತದೆ. ಸುಮಾರು ಆ ಅಗಲಕ್ಕೆ ಬಂದಾಗ ಈ ತಳ್ಳಾಟ, ಆ ಎಳೆದಾಟ ಎರಡೂ ಹೊಡೆದುಹೋಗುತ್ತವೆ. ಜೊತೆಗೆ 3.06 ಅಂತ ಹಿಡಿದರೆ ಒಂದು ಗ್ರಾಂ ಒತ್ತಡಕ್ಕೆ ಸರಿಯಾಗಿ 10 ಮಿ.ಮೀ. ಪಾದರಸ ಅಂತ ಲೆಕ್ಕವೂ ಸಲೀಸು. ಎಂಥಾ ತಲೆ ಅಲ್ವಾ! ಆದರೆ ಇಡೀ ಲೆಕ್ಕ ಕೂತಿರುವುದು ಒಂದು ಊಹೆಯ ಮೇಲೆ. ಕಾರ್ನಿಯಾ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪ ಇರುತ್ತದೆ, ಆರೋಗ್ಯವಂತರಲ್ಲಿ ಅದು ಅಷ್ಟಾಗಿ ಬದಲಾಗುವುದಿಲ್ಲ ಅಂತ ಗೋಲ್ಡ್‌ಮನ್ ನಂಬಿದ್ದರು. ಬದಲಾದರೆ ಲೆಕ್ಕ ತಪ್ಪುತ್ತದೆ ಅನ್ನುವುದು ಅವರಿಗೂ ಗೊತ್ತಿತ್ತು. ಅವರ ಕಾಲಕ್ಕೆ ದಪ್ಪವನ್ನು ಸುಲಭವಾಗಿ ಅಳೆಯುವ ಸಾಧನ ಎಲ್ಲರ ಕೈಯಲ್ಲಿ ಇರಲಿಲ್ಲ.

ಈಗ ಗೊತ್ತಾಗಿದೆ, ಬದಲಾಗುತ್ತದೆ, ಚೆನ್ನಾಗಿಯೇ ಬದಲಾಗುತ್ತದೆ. ದಪ್ಪ ಕಾರ್ನಿಯಾವನ್ನು ಚಪ್ಪಟೆ ಮಾಡಲು ಹೆಚ್ಚು ಒತ್ತಬೇಕು, ಒಳಗಿನ ಪ್ರೆಶರ್ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ತೆಳು ಕಾರ್ನಿಯಾ ಬೇಗ ಬಗ್ಗುತ್ತದೆ, ಪ್ರೆಶರ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಟ್ರ್ಯಾಕ್ಟರ್ ಟೈರನ್ನೂ ಸೈಕಲ್ ಟೈರನ್ನೂ ಒಂದೇ ಹೆಬ್ಬೆರಳಲ್ಲಿ ಅದುಮಿ ತೀರ್ಮಾನ ಹೇಳಿದ ಹಾಗೆ. ಅಪ್ಪ ಹೋಗುತ್ತಿದ್ದಲ್ಲಿ ಇದ್ದಂಥ ಗಾಳಿ ಊದುವ ಯಂತ್ರಕ್ಕೆ ದಪ್ಪದ ಕಾಟ ಗೋಲ್ಡ್‌ಮನ್ ಉಪಕರಣಕ್ಕಿಂತ ಇನ್ನೂ ಹೆಚ್ಚು.

ಅಪ್ಪನಿಗೆ ಇದನ್ನು ವಿವರಿಸಿದಾಗ ಅವರು ಒಂದೇ ಮಾತಲ್ಲಿ ಹಿಡಿದುಬಿಟ್ಟರು. "ಹಂಗಾರೆ ಚೀಲದ ತೂಕ ಕಳೀದೇ ಅಡಿಕೆ ತೂಗಿದ್ದ ಹೇಳು!" ಮಂಡಿಯಲ್ಲಿ ಜೀವನ ಕಳೆದವರಿಗೆ ಬೇರೆ ಉದಾಹರಣೆ ಬೇಕಾ? :)

ಇನ್ನು 'ನಾರ್ಮಲ್' ಅನ್ನುವ ಮಾತಿನ ಬಗ್ಗೆ. 21ರವರೆಗೆ ನಾರ್ಮಲ್ ಅಂತ ಎಲ್ಲರ ಬಾಯಲ್ಲೂ ಇದೆ. ಇದು ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ 1958ರ ಜರ್ಮನಿಗೆ ಹೋಗಿ ನಿಲ್ಲುತ್ತದೆ. ಲೈಡ್‌ಹೆಕರ್ ಎಂಬ ವೈದ್ಯರು ಮತ್ತು ಜೊತೆಗಾರರು ಸುಮಾರು ಹತ್ತು ಸಾವಿರ ಜನರ ಕಣ್ಣಿನ ಪ್ರೆಶರ್ ಅಳೆದರು. ಸರಾಸರಿ 16ರ ಆಸುಪಾಸು ಬಂತು. ಅಂಕಿಅಂಶದವರ ಪದ್ಧತಿಯಂತೆ ಸರಾಸರಿಗಿಂತ ಎರಡು ವಿಚಲನೆ ಮೇಲಕ್ಕೆ ಹೋದರೆ ಸುಮಾರು 21. ಅಷ್ಟೇ! 'ಹೆಚ್ಚಿನ ಜನ ಇದರೊಳಗೆ ಇರುತ್ತಾರೆ' ಅನ್ನುವ ಲೆಕ್ಕ ಅದು, 'ಇದರೊಳಗೆ ಇದ್ದವರ ನರಕ್ಕೆ ಏನೂ ಆಗುವುದಿಲ್ಲ' ಅನ್ನುವ ಲೆಕ್ಕ ಅಲ್ಲವೇ ಅಲ್ಲ. ಜಪಾನಿನ ತಾಜಿಮಿ ಎಂಬ ಊರಿನಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆ ನೋಡಿ: ಅಲ್ಲಿ ಸಿಕ್ಕ ತೆರೆದ ಕೋನದ ಗ್ಲಾಕೋಮಾ ರೋಗಿಗಳಲ್ಲಿ ನೂರಕ್ಕೆ 92 ಜನರ ಪ್ರೆಶರ್ 21 ಅಥವಾ ಅದಕ್ಕಿಂತ ಕಡಿಮೆ ಇತ್ತು. ಬರೀ ಪ್ರೆಶರ್ ನೋಡಿ ಕಳಿಸಿದ್ದರೆ ಅವರೆಲ್ಲ ಕೈಯಲ್ಲಿ 'ನಾರ್ಮಲ್' ಚೀಟಿ ಹಿಡಿದು ಮನೆಗೆ ಹೋಗುತ್ತಿದ್ದರು.

ದಪ್ಪದ ವಿಷಯ ಕಣ್ಣಿನ ಡಾಕ್ಟರುಗಳ ಲೋಕದಲ್ಲಿ ನಿಜವಾಗಿ ಸದ್ದು ಮಾಡಿದ್ದು 2002ರಲ್ಲಿ. ಅಮೆರಿಕದಲ್ಲಿ, ಪ್ರೆಶರ್ ಜಾಸ್ತಿ ಇದ್ದರೂ ನರಕ್ಕೆ ಇನ್ನೂ ಪೆಟ್ಟು ಬೀಳದ 1,636 ಜನರನ್ನು ವರ್ಷಗಟ್ಟಲೆ ಗಮನಿಸಿದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಹೊರಬಂತು. ಡ್ರಾಪ್ಸ್ ಹಾಕಿದರೆ ರೋಗ ತಡೆಯಬಹುದೇ ಅಂತ ನೋಡುವುದು ಅವರ ಮುಖ್ಯ ಉದ್ದೇಶ. ತಡೆಯಬಹುದು ಅಂತಲೂ ತಿಳಿಯಿತು: ಐದು ವರ್ಷದಲ್ಲಿ ಡ್ರಾಪ್ಸ್ ಹಾಕದವರಲ್ಲಿ ನೂರಕ್ಕೆ 9.5 ಜನರಿಗೆ ಗ್ಲಾಕೋಮಾ ಬಂದರೆ ಹಾಕಿದವರಲ್ಲಿ 4.4. ಆದರೆ ಅದರ ಜೊತೆಗೆ ಇನ್ನೊಂದು ಸಂಗತಿ ಹೊರಬಿತ್ತು. ಕಾರ್ನಿಯಾ 555 ಮೈಕ್ರಾನ್ ಅಥವಾ ಅದಕ್ಕಿಂತ ತೆಳು ಇದ್ದವರಿಗೆ, 588ಕ್ಕಿಂತ ದಪ್ಪ ಇದ್ದವರಿಗಿಂತ ಮೂರು ಪಟ್ಟು ಅಪಾಯ. ಪ್ಯಾಕಿಮೆಟ್ರಿ ಅನ್ನುವ ದಪ್ಪ ಅಳೆಯುವ ಪರೀಕ್ಷೆ ಗ್ಲಾಕೋಮಾ ತಪಾಸಣೆಯಲ್ಲಿ ಕಾಯಂ ಜಾಗ ಪಡೆದದ್ದು ಅಲ್ಲಿಂದ.

ಈ 555 ಅನ್ನುವುದನ್ನು ಒಂದು ಕ್ಷಣ ಹಿಡಿದುಕೊಳ್ಳಿ. ಅಲ್ಲಿ ಅದು 'ತೆಳು' ಗುಂಪಿನ ಗಡಿ. ನಮ್ಮ ದೇಶದಲ್ಲಿ, ನಾಗಪುರದ ಸುತ್ತಲಿನ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯಲ್ಲಿ ಸಿಕ್ಕ ಸರಾಸರಿ ದಪ್ಪ ಸುಮಾರು 514 ಮೈಕ್ರಾನ್. ಅಂದರೆ ಅಲ್ಲಿಯ ತೆಳು, ಇಲ್ಲಿಯ ಸರಾಸರಿಗಿಂತ ದಪ್ಪ! ಇದನ್ನು ಓದಿ ಭಾರತೀಯರಿಗೆಲ್ಲ ಗ್ಲಾಕೋಮಾ ಬರುತ್ತದೆ ಅಂತ ಹೆದರಬೇಡಿ, ಅದು ಇದರ ಅರ್ಥ ಅಲ್ಲ. ಆದರೆ ಜರ್ಮನಿಯ ಸರಾಸರಿಯಿಂದ ಹುಟ್ಟಿದ 21ನ್ನು ಹಿಡಿದುಕೊಂಡು ಸಾಗರದ ಪೇಟೆಯಲ್ಲಿ 'ನಾರ್ಮಲ್' ಅಂತ ಬರೆಯುವಾಗ ಕೈ ಒಂದು ಸಲ ತಡೆಯಬೇಡವೇ?

ಇಲ್ಲಿಗೆ ನನ್ನ ತಲೆಯಲ್ಲಿ ಇಂಜಿನಿಯರ್ ಎದ್ದು ಕೂತ. ತಪ್ಪು ಎಷ್ಟು ಅಂತ ಗೊತ್ತಾದರೆ ಕೂಡಿಸಿದರಾಯ್ತಲ್ಲ, ಅದರಲ್ಲೇನಿದೆ? ರಾತ್ರಿ ಎಕ್ಸೆಲ್ ತೆರೆದು ಕೂತೆ. ಡೆನ್ಮಾರ್ಕಿನ ನೀಲ್ಸ್ ಎಹ್ಲರ್ಸ್ ಎಂಬುವರು 1975ರಲ್ಲಿ, ಶಸ್ತ್ರಚಿಕಿತ್ಸೆಗೆ ಬಂದವರ ಕಣ್ಣಿನೊಳಗೇ ನಳಿಕೆ ಇಟ್ಟು ನಿಜವಾದ ಪ್ರೆಶರನ್ನೂ ಹೊರಗಿನ ಮಾಪನವನ್ನೂ ಹೋಲಿಸಿ ನೋಡಿದ್ದರು. 520 ಮೈಕ್ರಾನಿನ ಹತ್ತಿರ ಗೋಲ್ಡ್‌ಮನ್ ಉಪಕರಣ ಸರಿಯಾಗಿದೆ, ಅಲ್ಲಿಂದ ಪ್ರತಿ 10 ಮೈಕ್ರಾನಿಗೆ ಸುಮಾರು 0.7 ಮಿ.ಮೀ. ತಪ್ಪುತ್ತದೆ ಅನ್ನುವುದು ಅವರ ಲೆಕ್ಕ. ಅಪ್ಪನ ಎಡಗಣ್ಣಿಗೆ ಹಾಕಿದರೆ ಸುಮಾರು ಮೂರೂವರೆ ಕೂಡಬೇಕು. 17 ಅನ್ನುವುದು 20ರ ಮೇಲಾಯಿತು. ಸರಿ, ಸಿಕ್ಕಿತು ಅಂದುಕೊಂಡೆ. ಹುಡುಕುತ್ತಾ ಹೋದರೆ 1993ರ ಇನ್ನೊಂದು ಅಧ್ಯಯನ ಅದೇ ರೀತಿ ನಳಿಕೆ ಇಟ್ಟು ಅಳೆದು, 10 ಮೈಕ್ರಾನಿಗೆ ಬರೀ 0.2ರ ಆಸುಪಾಸು ಅನ್ನುತ್ತದೆ. ಹಾಗಾದರೆ ಕೂಡಬೇಕಾದ್ದು ಒಂದು. 17 ಅನ್ನುವುದು 18. ಒಂದೇ ಕಣ್ಣು, ಒಂದೇ ದಪ್ಪ, ಎರಡು ಸೂತ್ರ, ಎರಡು ಉತ್ತರ.

ಡಾಕ್ಟರಮ್ಮ ಎಷ್ಟು ಅಂತ ಕೇಳಬೇಡಿ ಅಂದದ್ದು ಯಾಕೆ ಅಂತ ಆಗ ಅರ್ಥವಾಯಿತು. ದಪ್ಪ ಬೇರೆ, ಬಿಗಿ ಬೇರೆ. ಅಡಿಕೆ ಚೀಲವನ್ನಾದರೆ ಖಾಲಿ ಮಾಡಿ ತೂಗಬಹುದು, ಕಾರ್ನಿಯಾವನ್ನು ಹಾಗೆ ತೂಗುವಂತಿಲ್ಲ. ಒಂದೇ ದಪ್ಪದ ಎರಡು ಕಾರ್ನಿಯಾಗಳಲ್ಲಿ ಒಂದು ಬಿಗಿ ಇರಬಹುದು, ಇನ್ನೊಂದು ಮೆತ್ತಗೆ. ನೀರು ತುಂಬಿ ಬಾತ ಕಾರ್ನಿಯಾ ದಪ್ಪ ಇದ್ದೂ ಮೆತ್ತಗಿರುತ್ತದೆ, ಅಲ್ಲಿ ಸೂತ್ರ ತಲೆಕೆಳಗು. ಮೊದಲು ಹೇಳಿದ ಅಮೆರಿಕದ ಅಧ್ಯಯನದವರೇ 2012ರಲ್ಲಿ ತಮ್ಮ ರೋಗಿಗಳ ಪ್ರೆಶರನ್ನು ಬೇರೆ ಬೇರೆ ಸೂತ್ರ ಹಾಕಿ ತಿದ್ದಿ ನೋಡಿದರು. ತಿದ್ದಿದ ಸಂಖ್ಯೆಯಿಂದ ಯಾರಿಗೆ ಗ್ಲಾಕೋಮಾ ಬರುತ್ತದೆ ಅಂತ ಊಹಿಸುವುದು ಇನ್ನಷ್ಟು ಚೆನ್ನಾಗೇನೂ ಆಗಲಿಲ್ಲ. ಪ್ರೆಶರ್ ಬೇರೆ, ದಪ್ಪ ಬೇರೆ ಅಂತ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸಾಕು ಅಂತಾಯಿತು. ಹಾಗಾಗಿ ಈಗ ಕೆಲವು ಕಡೆ ಕಂಪ್ಯೂಟರೇ 'ತಿದ್ದಿದ ಪ್ರೆಶರ್' ಅಂತ ಒಂದು ಸಂಖ್ಯೆಯನ್ನು ಪ್ರಿಂಟ್ ಮಾಡಿ ಕೊಡುತ್ತದಲ್ಲ, ಅದರ ಮೇಲೆ ನನಗೆ ನಂಬಿಕೆ ಇಲ್ಲ. ಒಂದು ಸುಳ್ಳು ಖಚಿತತೆ ಹೋಗಿ ಇನ್ನೊಂದು ಬಂದು ಕೂರುತ್ತದೆ. ನನ್ನ ಎಕ್ಸೆಲ್ ಫೈಲನ್ನೂ ಅಳಿಸಿ ಹಾಕಿದೆ.

ದಪ್ಪದ ಹಂಗು ಕಡಿಮೆ ಇರುವ ಉಪಕರಣಗಳು ಇಲ್ಲವೇ? ಇವೆ. ಕಾರ್ನಿಯಾವನ್ನು ಚಪ್ಪಟೆ ಮಾಡದೆ ಅದರ ಆಕಾರಕ್ಕೇ ಹೊಂದಿಕೊಂಡು ಕೂತು ಅಳೆಯುವ ಪಾಸ್ಕಲ್ ಎಂಬುದು ಈ ಶತಮಾನದ ಆರಂಭದಲ್ಲಿ ಬಂತು. ಗಾಳಿ ಊದಿದಾಗ ಕಾರ್ನಿಯಾ ಹೇಗೆ ಒಳಹೋಗಿ ಹೇಗೆ ವಾಪಸು ಬರುತ್ತದೆ ಅಂತ ನೋಡಿ ಅದರ ಸ್ವಭಾವವನ್ನೂ ಹೇಳುವ ಯಂತ್ರಗಳು 2005ರ ನಂತರ ಬಂದವು. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳ ಮಾತು ಇದು. ಎಲ್ಲ ತಾಲೂಕಿನಲ್ಲೂ ಇವು ಬೇಕು ಅಂತ ನಾನು ಕೇಳುತ್ತಿಲ್ಲ.

ನಾನು ಕೇಳುತ್ತಿರುವುದು ಪೆನ್ನಿನಂಥ ಒಂದು ಕಡ್ಡಿಯನ್ನು ಮರಗಟ್ಟಿಸಿದ ಕಣ್ಣಿಗೆ ತಾಗಿಸಿ ದಪ್ಪ ಅಳೆಯುವ ಪರೀಕ್ಷೆಯನ್ನು. ಒಂದು ನಿಮಿಷದ ಕೆಲಸ. ಪ್ರೆಶರ್ ಹಾಗೆ ಪ್ರತಿ ಸಲ ಅಳೆಯಬೇಕಾಗಿಲ್ಲ. ಕಾರ್ನಿಯಾಕ್ಕೆ ಆಪರೇಷನ್ನೋ ರೋಗವೋ ಆಗದಿದ್ದರೆ ಹೆಚ್ಚಿನವರಿಗೆ ಒಮ್ಮೆ ಅಳೆದು ಫೈಲಿನಲ್ಲಿ ಬರೆದಿಟ್ಟರೆ ವರ್ಷಾನುಗಟ್ಟಲೆ ಸಾಕು.

ಇದನ್ನು ಒಬ್ಬ ಪರಿಚಿತ ಕಣ್ಣಿನ ಡಾಕ್ಟರ ಹತ್ತಿರ ವಾದ ಮಾಡಿದೆ. ಅವರು ನಕ್ಕು ಒಂದು ಒಳ್ಳೆಯ ಪ್ರಶ್ನೆ ಹಾಕಿದರು. "ನೋಡಿ, ನಾವು ಚಿಕಿತ್ಸೆ ಕೊಡೋದು ಈಗ ಇರೋ ಪ್ರೆಶರಿನಿಂದ ಇಷ್ಟು ಪರ್ಸೆಂಟ್ ಇಳಿಸಬೇಕು ಅಂತ. ಅದೇ ಕಣ್ಣು, ಅದೇ ಉಪಕರಣ. ಮೊದಲು ಮೂರು ಕಡಿಮೆ ತೋರಿಸ್ತಿದ್ರೆ ಆಮೇಲೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ ತೋರಿಸುತ್ತೆ. ಇಳಿದದ್ದು ಗೊತ್ತಾಗುತ್ತಲ್ಲ, ದಪ್ಪ ಕಟ್ಟಿಕೊಂಡು ಏನಾಗಬೇಕು?" ಮಾತು ಸರಿ. ನಾರ್ಮಲ್ ಪ್ರೆಶರಿನ ಗ್ಲಾಕೋಮಾದವರಲ್ಲೂ ಇರುವುದರಿಂದ ಮೂವತ್ತು ಪರ್ಸೆಂಟ್ ಇಳಿಸಿದರೆ ರೋಗ ಮುಂದುವರಿಯುವುದು ಕಡಿಮೆಯಾಗುತ್ತದೆ ಅಂತ 1998ರಲ್ಲೇ ತೋರಿಸಿದ್ದಾರೆ, ದಪ್ಪದ ಗೊಡವೆ ಇಲ್ಲದೆ. ಆದರೆ ಅವರ ಮಾತು ಅನ್ವಯವಾಗುವುದು ರೋಗ ಇದೆ ಅಂತ ಗೊತ್ತಾದ ಮೇಲೆ. ನಮ್ಮಪ್ಪ ಆರು ವರ್ಷ ಕಳೆದುಕೊಂಡದ್ದು ಗೊತ್ತಾಗುವುದಕ್ಕೆ ಮೊದಲು. ಮದುರೆಯ ಕಡೆ ಅರವಿಂದ್ ಆಸ್ಪತ್ರೆಯವರು ಮಾಡಿದ, 2003ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಗ್ಲಾಕೋಮಾ ಇದ್ದವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಜನರಿಗೆ ತಮಗೆ ರೋಗ ಇದೆ ಅಂತಲೇ ಗೊತ್ತಿರಲಿಲ್ಲ. ನಾವು ಮಾತಾಡಬೇಕಾದ್ದು ಆ ಒಂಬತ್ತು ಜನರ ಬಗ್ಗೆ.

ಮತ್ತೆ ಗೊತ್ತಾದ ಮೇಲೂ ಮೂರು ಮಿ.ಮೀ. ಸಣ್ಣ ವಿಷಯ ಅಲ್ಲ. ಸ್ವೀಡನ್ನಿನಲ್ಲಿ ನಡೆದ ಅಧ್ಯಯನದ 2003ರ ವರದಿಯಂತೆ ಇಳಿಸಿದ ಪ್ರತಿ ಒಂದು ಮಿ.ಮೀ.ಗೆ ರೋಗ ಮುಂದುವರಿಯುವ ಅಪಾಯ ಸುಮಾರು ಹತ್ತು ಪರ್ಸೆಂಟ್ ಕಡಿಮೆಯಾಗುತ್ತದೆ. "ಈಗ 14ಕ್ಕೆ ಬಂದಿದೆ, ಸಾಕು" ಅಂತ ನಿಲ್ಲಿಸುವುದೋ, ಇನ್ನೊಂದು ಡ್ರಾಪ್ಸ್ ಸೇರಿಸುವುದೋ ಅಂತ ಯೋಚಿಸುವ ಹೊತ್ತಲ್ಲಿ ಎದುರಿಗಿರುವ ಕಾರ್ನಿಯಾ 471 ಅಂತ ನೆನಪಿರುವ ಡಾಕ್ಟರೇ ನನಗೆ ಬೇಕು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅಪ್ಪನ ವಿಷಯದಲ್ಲಿ ದಪ್ಪ ಅಳೆಯದಿದ್ದದ್ದಕ್ಕಿಂತ ದೊಡ್ಡ ತಪ್ಪು ನರ ನೋಡದೇ ಇದ್ದದ್ದು. ಪಾಪೆ ದೊಡ್ಡದು ಮಾಡಿ ಲೆನ್ಸ್ ಹಿಡಿದು ನರ ನೋಡಿದ್ದರೆ 14 ಇರಲಿ 24 ಇರಲಿ ರೋಗ ಕಾಣುತ್ತಿತ್ತು. ಆದರೆ ಯಾಕೆ ನೋಡಲಿಲ್ಲ? ಸಂಖ್ಯೆ ಚೆನ್ನಾಗಿತ್ತು ಅಂತ. ಆ ಚೆಂದದ ಸಂಖ್ಯೆಯೇ ಎಲ್ಲರ ಕಣ್ಣು ಮುಚ್ಚಿಸಿತು, ನನ್ನದೂ ಸೇರಿ. ಪ್ರತಿ ವರ್ಷ ಫೋನಿನಲ್ಲಿ 14 ಅಂತ ಕೇಳಿ "ಹಾಂ, ಒಳ್ಳೇದಾಯ್ತು" ಅಂದವನು ನಾನೇ. ಅಲ್ಲಿ 14ರ ಪಕ್ಕದಲ್ಲಿ 471 ಅಂತ ಇದ್ದಿದ್ದರೆ ಯಾರಾದರೊಬ್ಬರು, ಕೊನೇ ಪಕ್ಷ ಗೂಗಲ್ ಮಾಡುವ ಚಟದ ಮಗ, ಇದೇನು ಅಂತ ಕೇಳುತ್ತಿದ್ದರೋ ಏನೋ.

ಇನ್ನು ನಮ್ಮ ಲೇಸಿಕ್ ಗೆಳೆಯನ ವಿಷಯ. ನಿಮ್ಮಲ್ಲಿ ಆ ಕಾಲದಲ್ಲಿ ಮಾಡಿಸಿಕೊಂಡವರು ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು, ಫೋಟೋಗಳಲ್ಲಿ ಕನ್ನಡಕ ಒಬ್ಬೊಬ್ಬರದಾಗಿ ಮಾಯವಾಗಿದ್ದನ್ನು ನೋಡಿದವನು ನಾನು. ಲೇಸಿಕ್ ಅಂದರೆ ಲೇಸರಿನಲ್ಲಿ ಕಾರ್ನಿಯಾವನ್ನು ಕೆತ್ತಿ ತೆಳು ಮಾಡುವುದೇ. ಒಂದು ಪಾಯಿಂಟ್ ಪವರಿಗೆ ಸುಮಾರು 12ರಿಂದ 16 ಮೈಕ್ರಾನ್ ಹೋಗುತ್ತದೆ. ಮೈನಸ್ ಐದು ಇದ್ದವನಿಗೆ 60-80 ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಜೊತೆಗೆ ಮೇಲಿನ ಪದರವನ್ನು ಎತ್ತಿ ಮುಚ್ಚಿರುವುದರಿಂದ ಬಿಗಿಯೂ ಮೊದಲಿನಂತೆ ಇರುವುದಿಲ್ಲ. ಇವರ ಪ್ರೆಶರ್ ಆಮೇಲೆ ಯಾವತ್ತು ಅಳೆದರೂ ಇರುವುದಕ್ಕಿಂತ ಕಡಿಮೆ ತೋರಿಸುವ ಸಾಧ್ಯತೆಯೇ ಹೆಚ್ಚು. ಇದರ ಮೇಲೆ ಇನ್ನೊಂದು: ಹೆಚ್ಚು ಮೈನಸ್ ಪವರ್ ಇರುವುದೇ ಗ್ಲಾಕೋಮಾಕ್ಕೆ ಒಂದು ಅಪಾಯಸೂಚಿ. ಲೇಸಿಕ್ ಕನ್ನಡಕ ಬಿಡಿಸುತ್ತದೆ, ಆ ಅಪಾಯವನ್ನು ಬಿಡಿಸುವುದಿಲ್ಲ. ಕನ್ನಡಕ ಇದ್ದಿದ್ದರೆ ವರ್ಷಕ್ಕೊಮ್ಮೆಯಾದರೂ ಡಾಕ್ಟರ ಹತ್ತಿರ ಹೋಗುತ್ತಿದ್ದರು, ಈಗ ಅದೂ ಇಲ್ಲ.

ಅವನಿಗೆ ಕೇಳಿದೆ, "ಲೇಸಿಕ್ ಆಗಿದೆ ಅಂತ ಡಾಕ್ಟರಿಗೆ ಹೇಳಿದೆಯಾ?"

"ಇಲ್ಲಪ್ಪ. ಅವರು ಕೇಳಲಿಲ್ಲ. ಹದಿನಾರು ಹದಿನೇಳು ವರ್ಷ ಆಯ್ತಲ್ಲ, ಈಗ ಯಾಕೆ?"

"ನರ ನೋಡಿದರಾ?"

"ಗಾಳಿ ಊದಿದರು" ಅಂದ.

ಆಪರೇಷನ್ನಿಗೆ ಮೊದಲಿನ ದಪ್ಪ, ಪ್ರೆಶರ್, ನರದ ಫೋಟೋ ಇರುವ ಹಳೇ ಫೈಲು ಎಲ್ಲಿದೆ ಅಂತ ಕೇಳಿದರೆ ಮನೆ ಬದಲಾಯಿಸುವಾಗ ಎಲ್ಲೋ ಹೋಯ್ತು ಅಂದ. ಆಸ್ಪತ್ರೆಯಲ್ಲಿ ಕೇಳಿ ನೋಡುತ್ತಾನಂತೆ. ನೀವೂ ಯಾರಾದರೂ ಮಾಡಿಸಿಕೊಂಡಿದ್ದರೆ ಆ ಫೈಲು ಹುಡುಕಿ ಇಟ್ಟುಕೊಳ್ಳಿ. ಸಿಗದಿದ್ದರೆ ಕಣ್ಣಿನ ಡಾಕ್ಟರ ಮುಂದೆ ಕೂತ ಕೂಡಲೇ ಮೊದಲ ಮಾತಾಗಿ ಲೇಸಿಕ್ ಆಗಿದೆ ಅಂತ ಹೇಳಿ. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರು, "ನರ ನೋಡಿದಿರಾ? ದಪ್ಪ ಎಷ್ಟು?" ಅಂತ ಕೇಳಲು ಸಂಕೋಚಪಡಬೇಡಿ. ಕೆಲವು ಡಾಕ್ಟರು ಮುಖ ಸಿಂಡರಿಸಬಹುದು. ನನಗೂ ಒಬ್ಬರು "ಇಂಟರ್‌ನೆಟ್ ಡಾಕ್ಟರಾ?" ಅಂತ ಕೇಳಿದ್ದಾರೆ. ಹೌದು ಸಾರ್ ಅಂದೆ.

ಅಂದ ಹಾಗೆ ನನ್ನದೂ ಅಳೆಸಿದೆ. ಅಪ್ಪನ ಮಗ ಅಲ್ಲವೇ, 489 ಮತ್ತು 492. ಪ್ರೆಶರ್ 15. ನರ ಸದ್ಯಕ್ಕೆ ಸರಿ ಇದೆ, ವರ್ಷಕ್ಕೊಮ್ಮೆ ಬರಬೇಕು ಅಂದಿದ್ದಾರೆ.

ಅಪ್ಪ ಈಗ ರಾತ್ರಿ ಊಟ ಆದ ಮೇಲೆ ಒಂದು ಡ್ರಾಪ್ಸ್, ಬೆಳಿಗ್ಗೆ ಸಂಜೆ ಇನ್ನೊಂದು ಹಾಕಿಕೊಳ್ಳುತ್ತಾರೆ. ಅಮ್ಮ ಗಡಿಯಾರ ನೋಡಿ ಕೂಗುತ್ತಾರೆ. ಕಳೆದ ಎರಡು ಫೀಲ್ಡ್ ಟೆಸ್ಟಿನಲ್ಲಿ ಕಪ್ಪು ಇದ್ದಷ್ಟೇ ಇದೆ, ಬೆಳೆದಿಲ್ಲ. ನಡುಮನೆಯ ದಾರಂದಕ್ಕೆ ನನ್ನ ತಂಗಿ ಹಳದಿ ಬಣ್ಣದ ಟೇಪು ಅಂಟಿಸಿದ್ದಾಳೆ. ಅದು ಅಪ್ಪನಿಗೆ ಕಾಣುವುದಿಲ್ಲವಂತೆ. ಮನೆಗೆ ಬಂದ ನೆಂಟರು ಮಾತ್ರ ಯಾಕೆ ಅಂತ ಕೇಳುತ್ತಾರೆ.